‘ಏನಿಲ್ಲ, ಸುಮ್ನೆ ಮಾಡ್ದೆ’

ಭಾನುವಾರ ಸಂಜೆ ಆರು ಗಂಟೆ. ಮೇಜಿನ ಮೇಲಿನ ಮೊಬೈಲ್ ರಿಂಗಾಗುತ್ತದೆ. ಪರದೆಯ ಮೇಲೆ ಕಾಲೇಜು ದಿನಗಳ ಗೆಳೆಯನ ಹೆಸರು. ಇಬ್ಬರೂ ದಿನಕ್ಕೆ ಹತ್ತು ಸಲ ವಾಟ್ಸಾಪಿನಲ್ಲಿ ಎದುರಾಗುವವರು. ಬೆಳಿಗ್ಗೆಯಷ್ಟೇ ಒಬ್ಬ ಕ್ರಿಕೆಟ್ ವಿಡಿಯೊ ಕಳಿಸಿ, ಇನ್ನೊಬ್ಬ ನಗುಮುಖ ಒತ್ತಿ ಮುಗಿಸಿದ್ದರು. ಆದರೂ ಫೋನ್ ಎತ್ತುವ ಕೈ ಒಂದು ಕ್ಷಣ ತಡೆಯುತ್ತದೆ. ಯಾರಿಗೆ ಏನಾಯಿತೋ! ಎತ್ತಿದ ಕೂಡಲೇ ಬಾಯಿಗೆ ಬರುವುದು ‘ಹಲೋ’ ಅಲ್ಲ, ‘ಏನಾಯ್ತೋ?’ ಆ ಕಡೆಯವನು ತಪ್ಪು ಮಾಡಿದವನ ದನಿಯಲ್ಲಿ ಹೇಳುತ್ತಾನೆ: ‘ಏನಿಲ್ಲ ಕಣೋ, ಸುಮ್ನೆ ಮಾಡ್ದೆ.’

‘ಸುಮ್ನೆ’ ಎಂಬ ಈ ಪದಕ್ಕೆ ಕನ್ನಡದಲ್ಲಿ ದೊಡ್ಡ ಸ್ಥಾನವಿದೆ. ಸುಮ್ಮನೆ ಬಂದೆ, ಸುಮ್ಮನೆ ಕೂತಿದ್ದೆ, ಸುಮ್ಮನೆ ಕೇಳಿದೆ. ಕಾರಣವಿಲ್ಲ, ಆದರೆ ಮನಸ್ಸಿದೆ ಎಂದು ಹೇಳುವ ರೀತಿ ಅದು. ಕಾರಣವಿಲ್ಲದೆ ಒಬ್ಬರ ಮನೆಗೆ ಹೋಗುವ ಸಲುಗೆ ಇದ್ದರೆ ಮಾತ್ರ ಗೆಳೆತನ ಎಂದು ಹಳ್ಳಿಯ ಜಗಲಿಯೂ ನಂಬಿತ್ತು, ನಗರದ ಹೋಟೆಲಿನ ಬೈಟು ಕಾಫಿಯೂ ನಂಬಿತ್ತು. ಫೋನು ಬಂದಾಗ ಆ ಸಲುಗೆ ತಂತಿಯೊಳಕ್ಕೂ ಹರಿಯಿತು. ಈಗ ಗೆಳೆಯರ ನಡುವೆ ಕರೆಯ ಜಾಗವನ್ನು ಸಂದೇಶ ತುಂಬುತ್ತಿರುವಾಗ ಮೊದಲು ಕಾಣೆಯಾಗುತ್ತಿರುವುದು ಈ ಸುಮ್ಮನೆ ಮಾಡುವ ಫೋನು. ಸಂದೇಶ ಕಳಿಸಲು ಏನಾದರೊಂದು ಬೇಕು: ಒಂದು ಚಿತ್ರ, ಒಂದು ಲಿಂಕು, ಒಂದು ಪ್ರಶ್ನೆ, ಹುಟ್ಟುಹಬ್ಬ. ಏನೂ ಇಲ್ಲದಿದ್ದರೆ ಬೆರಳು ಏನನ್ನು ಒತ್ತೀತು?

ವಿಚಿತ್ರವೆಂದರೆ, ಮಾತು ದುಬಾರಿಯಾಗಿದ್ದ ಕಾಲದಲ್ಲಿ ಜನ ಮಾತಿಗಾಗಿ ಹಾತೊರೆದರು. ಮಾತು ಬಿಟ್ಟಿಯಾದ ಕಾಲದಲ್ಲಿ ಅದನ್ನು ತಪ್ಪಿಸುತ್ತಿದ್ದಾರೆ.

ಭಾರತದ ಮನೆಗಳಲ್ಲಿ ಕೂತಿದ್ದ ಭಾರವಾದ ಕಪ್ಪು ಫೋನುಗಳಲ್ಲಿ ಬಹುಪಾಲು ಬೆಂಗಳೂರಿನಲ್ಲಿ ಹುಟ್ಟಿದವು. 1948ರಲ್ಲಿ ಇಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ‘ದೂರವಾಣಿನಗರ’ ಎಂದೇ ಹೆಸರು. ಆದರೆ ಫೋನು ತಯಾರಾಗುವ ಊರಿನಲ್ಲೂ ಫೋನು ಸಿಗಲು ವರ್ಷಗಟ್ಟಲೆ ಕಾಯಬೇಕಿತ್ತು. ಬೇರೆ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕೂರಬೇಕು. ಬೇಗ ಬೇಕಿದ್ದರೆ ‘ಅರ್ಜೆಂಟ್’, ಇನ್ನೂ ಬೇಗ ಬೇಕಿದ್ದರೆ ‘ಲೈಟ್ನಿಂಗ್’. ಸಾಮಾನ್ಯ ಕರೆಗಿಂತ ಲೈಟ್ನಿಂಗ್ ಕರೆಗೆ ಎಂಟು ಪಟ್ಟು ಹಣ. ಅಷ್ಟು ಕೊಟ್ಟು ಸುಮ್ಮನೆ ಯಾರೂ ಮಾತಾಡುತ್ತಿರಲಿಲ್ಲ. ಹಾಗಾಗಿ ಆ ಕಾಲದಲ್ಲೂ ಫೋನಿನ ಗಂಟೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು.

ಆ ಭಯ ಹೋಗಿದ್ದು 1980ರ ದಶಕದ ಕೊನೆಯಲ್ಲಿ. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್, ಹಳ್ಳಿಗಳ ಧೂಳು ಮತ್ತು ಸೆಖೆಯನ್ನು ತಾಳಿಕೊಳ್ಳುವ, ಹವಾನಿಯಂತ್ರಣ ಬೇಡದ ಪುಟ್ಟ ಎಕ್ಸ್‌ಚೇಂಜನ್ನು ರೂಪಿಸಿತು. ಅದನ್ನು ಮೊದಲು ಕೂರಿಸಿ ನೋಡಿದ ಊರು ಚೆನ್ನಮ್ಮನ ಕಿತ್ತೂರು, 1986ರಲ್ಲಿ. ಆಮೇಲೆ ಬಸ್ ನಿಲ್ದಾಣಗಳಲ್ಲಿ, ಕಿರಾಣಿ ಅಂಗಡಿಗಳ ಮೂಲೆಯಲ್ಲಿ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ತಡವಾದಂತೆ ದರ ಅರ್ಧಕ್ಕಿಳಿಯುತ್ತಿತ್ತು, ಮತ್ತೂ ತಡವಾದರೆ ಕಾಲು ಭಾಗಕ್ಕೆ. ಧಾರವಾಡದ, ಮೈಸೂರಿನ, ಮಣಿಪಾಲದ ಹಾಸ್ಟೆಲ್ ಹುಡುಗರು ಊಟ ಮುಗಿಸಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದುದು ಆ ಕಾಲು ದರಕ್ಕೆ. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಅಂಕಿಗಳು ಏರುತ್ತಿರುವಾಗ, ಹೊರಗಿನವರು ಕಿಟಕಿ ತಟ್ಟುತ್ತಿರುವಾಗ, ಒಳಗಿನವನು ‘ಮತ್ತೆ? ಇನ್ನೇನ್ ಸಮಾಚಾರ?’ ಎನ್ನುತ್ತಿದ್ದ. ಆ ‘ಮತ್ತೆ’ಗೂ ರೊಕ್ಕ ಬೀಳುತ್ತಿತ್ತು. ಆದರೂ ಹೇಳುತ್ತಿದ್ದ.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು. ಕರೆ ಮಾಡಿದವರಷ್ಟೇ ಅಲ್ಲ, ಸ್ವೀಕರಿಸಿದವರೂ ಕೊಡಬೇಕಿತ್ತು. ಒಳಬರುವ ಕರೆ ಉಚಿತವಾಗಿದ್ದು 2003ರಲ್ಲಿ. ಅದರ ಬೆನ್ನಿಗೇ ಬೆಳೆದದ್ದು ಮಿಸ್ಡ್ ಕಾಲ್ ಎಂಬ ಭಾಷೆ. ಒಂದು ರಿಂಗ್ ಎಂದರೆ ‘ಹೊರಟೆ’, ಎರಡು ಎಂದರೆ ‘ಕೆಳಗೆ ಬಾ’. ಕಾಸು ಖರ್ಚಿಲ್ಲದೆ ಮಾತಾಡುವ ಈ ಜಾಣತನಕ್ಕೆ ಎಸ್‌ಎಂಎಸ್ ಸರಿಯಾಗಿ ಹೊಂದಿಕೊಂಡಿತು.

ಎಸ್‌ಎಂಎಸ್ ಹುಟ್ಟಿದಾಗ ಅದು ಮಾತಿನ ಜಾಗಕ್ಕೆ ಬರುತ್ತದೆಂದು ಹುಟ್ಟಿಸಿದವರೂ ಎಣಿಸಿರಲಿಲ್ಲ. ಜರ್ಮನಿಯ ಎಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ 1985ರಲ್ಲಿ ಬಾನ್ ನಗರದ ತನ್ನ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತು, ತೋಚಿದ ವಾಕ್ಯಗಳನ್ನು, ಪ್ರಶ್ನೆಗಳನ್ನು ಬೆರಳಚ್ಚಿಸಿ ಅಕ್ಷರ ಎಣಿಸಿದ. ಹೆಚ್ಚಿನವು 160ರೊಳಗೆ ಮುಗಿದವು. ಪೋಸ್ಟ್‌ಕಾರ್ಡ್ ಮತ್ತು ಟೆಲೆಕ್ಸ್ ಬರಹಗಳೂ ಬಹುಪಾಲು ಅಷ್ಟರಲ್ಲೇ ಇರುತ್ತವೆ ಎಂಬುದು ಅವನ ಸಮಾಧಾನಕ್ಕೆ ಆಧಾರವಾಯಿತು. 160 ಸಾಕು ಎಂದು ತೀರ್ಮಾನವಾಯಿತು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಯುವ ಎಂಜಿನಿಯರ್ ಕಂಪ್ಯೂಟರಿನಿಂದ ವೊಡಾಫೋನಿನ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ ಕ್ರಿಸ್‌ಮಸ್ ಶುಭಾಶಯ ಕಳಿಸಿದ. ಅದು ಮೊದಲ ಎಸ್‌ಎಂಎಸ್. ಜಾರ್ವಿಸ್ ತಿರುಗಿ ಉತ್ತರ ಬರೆಯಲಿಲ್ಲ, ಯಾಕೆಂದರೆ ಆ ಫೋನಿನಲ್ಲಿ ಸಂದೇಶ ಓದಬಹುದಿತ್ತೇ ಹೊರತು ಬರೆಯಲು ಬರುತ್ತಿರಲಿಲ್ಲ.

ಆ 160ರ ಲೆಕ್ಕ ಇಂಗ್ಲಿಷಿನಂಥ ಲಿಪಿಗಳಿಗೆ. ಕನ್ನಡಕ್ಕೆ ಯೂನಿಕೋಡ್ ಬಳಸಿದರೆ ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 70 ಸಂಕೇತಗಳು ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು. ‘ನಮಸ್ಕಾರ’ ಎನ್ನುವಷ್ಟರಲ್ಲಿ ಏಳು ಖರ್ಚು. ಮೇಲಾಗಿ ಆಗಿನ ಬಹಳಷ್ಟು ಫೋನುಗಳಲ್ಲಿ ಕನ್ನಡ ಬರೆದರೆ ಎದುರಿನವರಿಗೆ ಚೌಕಗಳ ಸಾಲು ಕಾಣುತ್ತಿತ್ತು. ಹಾಗಾಗಿ ಒಂದಿಡೀ ತಲೆಮಾರು ಗೆಳೆಯರೊಡನೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಕಲಿಯಿತು. ಅಲ್ಲಿ ‘ಕಡು’ವಿಗೂ ‘ಕಾಡು’ವಿಗೂ ಭೇದವಿಲ್ಲ, ‘ಕಳಿ’ಗೂ ‘ಕಲಿ’ಗೂ ಭೇದವಿಲ್ಲ. ಕನ್ನಡ ಕೀಲಿಮಣೆ ಪ್ರತಿ ಫೋನಿನಲ್ಲೂ ಸಿಗುವ ಈ ದಿನಗಳಲ್ಲೂ ಆ ಅಭ್ಯಾಸ ಬಿಟ್ಟಿಲ್ಲ. ಮಾತಿನಲ್ಲಿ ಹಾಸನದ, ಕಲಬುರ್ಗಿಯ, ಕುಂದಾಪುರದ ಕನ್ನಡ ಎಂದು ಎರಡೇ ಪದಕ್ಕೆ ಗುರುತು ಸಿಗುತ್ತದೆ. ಸಂದೇಶದಲ್ಲಿ ಎಲ್ಲರ ಊರೂ ಒಂದೇ ಆಗಿಬಿಟ್ಟಿತು. ಕನ್ನಡದ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ.

2000ದ ದಶಕದಲ್ಲಿ ಎಸ್‌ಎಂಎಸ್ ಎಷ್ಟು ಹಬ್ಬಿತೆಂದರೆ, ದೀಪಾವಳಿ ಮತ್ತು ಹೊಸ ವರ್ಷದಂಥ ದಿನಗಳಲ್ಲಿ ಕಂಪನಿಗಳು ರಿಯಾಯಿತಿ ಪ್ಯಾಕ್‌ಗಳನ್ನು ತಡೆಹಿಡಿದು ಪೂರ್ಣ ದರ ವಸೂಲು ಮಾಡುತ್ತಿದ್ದವು. ಅದರ ಕೆಟ್ಟ ಮುಖವನ್ನೂ ಬೆಂಗಳೂರು ಕಂಡಿದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗಲಿದೆ ಎಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹರಡಿ, ಸಾವಿರಾರು ಮಂದಿ ನಗರದ ರೈಲು ನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಕೇಂದ್ರ ಸರ್ಕಾರ ದೇಶದಾದ್ಯಂತ ಸಾಮೂಹಿಕ ಎಸ್‌ಎಂಎಸ್‌ಗೆ ಹದಿನೈದು ದಿನ ಕಡಿವಾಣ ಹಾಕಿ, ಒಮ್ಮೆಗೆ ಐವರಿಗಷ್ಟೇ ಕಳಿಸಬಹುದು ಎಂದಿತು. ಬಾಯಿಮಾತಾಗಿದ್ದರೆ ‘ನಿನಗೆ ಯಾರು ಹೇಳಿದರು?’ ಎಂದು ಕೇಳಬಹುದಿತ್ತು. ಮುಂದಕ್ಕೆ ದೂಡಿದ ಸಂದೇಶಕ್ಕೆ ಆ ಪ್ರಶ್ನೆ ಕೇಳಿದರೆ ಉತ್ತರಿಸುವವರೇ ಇರುವುದಿಲ್ಲ.

ಮಾತನ್ನು ಸಂದೇಶ ಹಿಂದಿಕ್ಕಿದ್ದು ಅಮೆರಿಕದಲ್ಲಿ ಅಂಕಿಗಳಲ್ಲಿ ದಾಖಲಾಗಿದೆ. ನೀಲ್ಸನ್ ಸಂಸ್ಥೆಯ ಲೆಕ್ಕದಂತೆ 2008ರ ಎರಡನೇ ತ್ರೈಮಾಸಿಕದಲ್ಲಿ ಅಲ್ಲಿನ ಸರಾಸರಿ ಮೊಬೈಲ್ ಗ್ರಾಹಕ ತಿಂಗಳಿಗೆ 204 ಕರೆಗಳನ್ನು ಮಾಡಿ ಸ್ವೀಕರಿಸಿದರೆ, ಸಂದೇಶಗಳು 357. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2012ರಲ್ಲಿ ಇನ್ನೂ ಹತ್ತಿರದ ಚಿತ್ರ ಕೊಟ್ಟಿತು: ಮನೆಯವರು ಮತ್ತು ಗೆಳೆಯರೊಡನೆ ದಿನವೂ ಸಂದೇಶದ ಮೂಲಕ ಸಂಪರ್ಕದಲ್ಲಿರುವವರು ನೂರಕ್ಕೆ 58, ದಿನವೂ ಮೊಬೈಲಿನಲ್ಲಿ ಮಾತಾಡುವವರು 47, ದಿನವೂ ಮುಖಾಮುಖಿ ಸಿಗುವವರು 49.

ಭಾರತದ ಕಥೆ ಇಷ್ಟು ಸರಳವಲ್ಲ. ವಾಟ್ಸಾಪ್ 2009ರಲ್ಲಿ ಹುಟ್ಟಿ, ಇಲ್ಲಿ ಹಳ್ಳಿಹಳ್ಳಿಗೂ ಹಬ್ಬಿತು. ಆದರೆ 2016ರ ಸೆಪ್ಟೆಂಬರ್ 5ರಂದು ಜಿಯೊ ಬಂದು ಕರೆಗಳನ್ನು ಉಚಿತವೆಂದು ಘೋಷಿಸಿದ ಮೇಲೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಪ್ರಕಟಿಸುವ ಲೆಕ್ಕದಲ್ಲಿ ಒಬ್ಬ ಗ್ರಾಹಕ ತಿಂಗಳಿಗೆ ಮಾತಾಡುವ ನಿಮಿಷಗಳು ಕಡಿಮೆಯಾಗಲಿಲ್ಲ, ಏರಿದವು. ಹಾಗಾದರೆ ಮಾತು ಸತ್ತಿಲ್ಲವಲ್ಲ ಎನ್ನಬಹುದು. ನಿಜ, ಸತ್ತಿಲ್ಲ. ಊರಿನ ತಾಯಿಗೆ ಇಂದಿಗೂ ಕರೆಯೇ ಹೋಗುತ್ತದೆ. ಆಟೊ ಚಾಲಕ, ಪಾರ್ಸೆಲ್ ತರುವ ಹುಡುಗ, ಕೆಲಸದ ಮೇಸ್ತ್ರಿ, ಮಂಡಿಯ ದಲ್ಲಾಳಿ ಎಲ್ಲರೊಡನೆಯೂ ಮಾತೇ. ಪ್ರೀತಿಸುವ ಜೋಡಿಗಳು ಗಂಟೆಗಟ್ಟಲೆ ಮಾತಾಡುತ್ತಾರೆ. ಬದಲಾಗಿರುವುದು ಇವುಗಳ ನಡುವಿನ ಒಂದು ಜಾಗ. ರಕ್ತಸಂಬಂಧದ ಹಕ್ಕೂ ಇಲ್ಲದ, ಕೆಲಸದ ತುರ್ತೂ ಇಲ್ಲದ ಸಂಬಂಧ ಗೆಳೆತನ. ಅದು ಗುಂಪಿನೊಳಕ್ಕೆ ಹೋಗಿಬಿಟ್ಟಿತು. ‘ಬಿಎಸ್ಸಿ 2004’, ‘ಹೈಸ್ಕೂಲ್ ದೋಸ್ತಿಗಳು’ ಎಂಬ ಹೆಸರಿನ ಗುಂಪುಗಳಲ್ಲಿ ನಲವತ್ತು ಮಂದಿ ದಿನವೂ ಒಬ್ಬರಿಗೊಬ್ಬರು ಶುಭೋದಯ ಹೇಳುತ್ತಾರೆ. ಅವರಲ್ಲಿ ಇಬ್ಬರು ಕೊನೆಯ ಸಲ ಒಬ್ಬರ ದನಿ ಇನ್ನೊಬ್ಬರು ಕೇಳಿದ್ದು ಯಾವಾಗ ಎಂದರೆ ನೆನಪು ಮಾಡಿಕೊಳ್ಳಬೇಕಾಗುತ್ತದೆ.

ಯಾಕೆ ಹೀಗಾಯಿತು? ಸೋಮಾರಿತನ ಎಂದು ಹಿರಿಯರು ಬೈಯುವುದುಂಟು. ಅದು ಅನ್ಯಾಯದ ಮಾತು. ಕರೆ ಎಂದರೆ ಎದುರಿನವರ ಈ ಹೊತ್ತನ್ನು ಈಗಲೇ ಕೊಡು ಎಂದು ಕೇಳುವುದು. ಸಂದೇಶ ಹಾಗೆ ಕೇಳುವುದಿಲ್ಲ. ಬಾಗಿಲ ಬಳಿ ಚೀಟಿ ಇಟ್ಟು ಹೋಗುತ್ತದೆ. ಟ್ರಾಫಿಕ್ಕಿನಲ್ಲಿ ಎರಡು ಗಂಟೆ, ಆಫೀಸಿನಲ್ಲಿ ಹತ್ತು ಗಂಟೆ, ಮನೆಯಲ್ಲಿ ಮಲಗಿಸಬೇಕಾದ ಮಗು. ಇಂಥ ದಿನವನ್ನು ದೂಡುವ ಗೆಳತಿಗೆ ತೊಂದರೆ ಕೊಡಬಾರದೆಂಬ ಕಾಳಜಿಯೇ ಬೆರಳನ್ನು ಕರೆಯ ಗುಂಡಿಯಿಂದ ಸಂದೇಶದ ಪೆಟ್ಟಿಗೆಗೆ ಸರಿಸುತ್ತದೆ. ಜಪಾನಿನ ಯುವಜನರ ಮೊಬೈಲ್ ಬಳಕೆಯನ್ನು ಎರಡು ದಶಕಗಳ ಹಿಂದೆಯೇ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಮಿಜುಕೊ ಇಟೊ, ಅಲ್ಲಿ ಗೆಳೆಯರು ಕರೆಗೆ ಮುಂಚೆ ‘ಈಗ ಮಾತಾಡಬಹುದಾ?’ ಎಂದು ಸಂದೇಶ ಕಳಿಸುವುದು ಶಿಷ್ಟಾಚಾರವಾಗಿದ್ದನ್ನು ದಾಖಲಿಸಿದ್ದರು. ಅದೇ ಶಿಷ್ಟಾಚಾರ ಇಂದು ಬೆಂಗಳೂರಿನಲ್ಲಿ ‘ಫ್ರೀ ಇದ್ದೀಯಾ? ಕಾಲ್ ಮಾಡ್ಲಾ?’ ಆಗಿದೆ. ತಕ್ಷಣ ಬರುವ ಉತ್ತರ: ‘ಹೇಳು, ಇಲ್ಲೇ ಟೈಪ್ ಮಾಡು.’

ಇನ್ನೊಂದು ಕಾರಣ, ಮಾತು ಶುರುವಾದರೆ ಮುಗಿಸುವುದು ಹೇಗೆಂಬ ಅಳುಕು. ಹಾರ್ವರ್ಡಿನ ಆಡಂ ಮಾಸ್ಟ್ರೊಯಾನಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರಿಗೂ ಬೇಕೆನಿಸಿದ ಹೊತ್ತಿಗೆ ಮುಗಿದ ಸಂಭಾಷಣೆಗಳು ನೂರಕ್ಕೆ ಎರಡರಷ್ಟು ಮಾತ್ರ. ಒಬ್ಬರಿಗೆ ಬೇಗ ಮುಗಿಸುವ ಆಸೆ, ಇನ್ನೊಬ್ಬರಿಗೆ ಮುಂದುವರಿಸುವ ಆಸೆ. ಎಷ್ಟೋ ಸಲ ಇಬ್ಬರಿಗೂ ಮುಗಿಸುವ ಆಸೆ, ಆದರೆ ಹೇಳಲು ಸಂಕೋಚ. ‘ಇಡ್ಲಾ?’ ‘ಹೂಂ, ಇಡು.’ ‘ಸರಿ ಹಾಗಾದ್ರೆ.’ ‘ಆಮೇಲೆ ಇನ್ನೊಂದು ವಿಷಯ…’ ಈ ಸರಪಳಿ ಯಾರಿಗೆ ಗೊತ್ತಿಲ್ಲ? ಮೇಲಿಂದ ಸಾಲದ ಕರೆ, ಸೈಟಿನ ಕರೆ, ಮೋಸದ ಕರೆಗಳ ಕಾಟ. ರಿಂಗಿನ ಸದ್ದೇ ಒಂದು ಕಿರಿಕಿರಿಯಾಗಿ, ಎಷ್ಟೋ ಜನರ ಫೋನು ದಿನವಿಡೀ ಬಾಯಿ ಮುಚ್ಚಿಕೊಂಡೇ ಇರುತ್ತದೆ.

ಮುಗಿಸಲಾಗದ ಆ ‘ಇಡ್ಲಾ’ದಲ್ಲೇ ಒಂದು ಅಮೂಲ್ಯ ಸಂಗತಿ ಅಡಗಿತ್ತು. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವೆ ಸ್ಯಾಕ್ಸ್, ಧ್ವನಿಮುದ್ರಿಸಿದ ದೂರವಾಣಿ ಸಂಭಾಷಣೆಗಳನ್ನು ಸೆಕೆಂಡು ಸೆಕೆಂಡಾಗಿ ಬಿಡಿಸಿ ನೋಡಿ 1973ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಅವರ ವಿಷಯ: ಜನ ಮಾತನ್ನು ಹೇಗೆ ಮುಗಿಸುತ್ತಾರೆ? ಯಾರೂ ಥಟ್ಟನೆ ಮುಗಿಸುವುದಿಲ್ಲ ಎಂದು ಅವರು ತೋರಿಸಿದರು. ‘ಸರಿ’, ‘ಮತ್ತೆ’ ಎಂಬಂಥ ಖಾಲಿ ಪದವೊಂದನ್ನು ಒಬ್ಬರು ಮುಂದಿಡುತ್ತಾರೆ. ನನ್ನ ಕಡೆಯಿಂದ ಹೊಸದೇನೂ ಇಲ್ಲ, ನಿನಗೇನಾದರೂ ಹೇಳುವುದಿದ್ದರೆ ಈಗ ಹೇಳು ಎಂದು ಕೊಟ್ಟ ಜಾಗ ಅದು. ಇನ್ನೊಬ್ಬರೂ ‘ಸರಿ’ ಎಂದರೆ ಮಾತು ಮುಗಿಯುತ್ತದೆ. ಇಲ್ಲವಾದರೆ ಅಲ್ಲಿಯವರೆಗೆ ಬಾಯಿಗೆ ಬಾರದ ವಿಷಯ ಆಗ ಹೊರಬರುತ್ತದೆ.

ಕನ್ನಡಿಗರಿಗೆ ಇದನ್ನು ಪ್ರಬಂಧ ಓದಿ ತಿಳಿಯಬೇಕಿಲ್ಲ. ‘ಮತ್ತೆ?’ ಎಂಬ ಎರಡೂವರೆ ಅಕ್ಷರ ಮಾಡುವ ಕೆಲಸವೇ ಅದು. ಇಪ್ಪತ್ತು ನಿಮಿಷ ಬೆಲೆ ಏರಿಕೆ, ಮಳೆ, ಯಾರದೋ ಮದುವೆ, ಹಳೆಯ ಮೇಷ್ಟ್ರ ನೆನಪು. ‘ಮತ್ತೆ?’ ಒಂದು ಮೌನ. ‘ಮತ್ತೆ… ಕೆಲಸ ಬಿಟ್ಟೆ ಕಣೋ.’ ಅಥವಾ ‘ಅಪ್ಪಂಗೆ ಸ್ಕ್ಯಾನ್ ಮಾಡ್ಸಿದ್ವಿ.’ ಅಥವಾ ‘ಮನೇಲಿ ಸರಿ ಹೋಗ್ತಿಲ್ಲ.’ ಫೋನು ಮಾಡಿದ್ದೇ ಇದಕ್ಕೆ. ಮಾಡಿದವನಿಗೇ ಅದು ಗೊತ್ತಿರಲಿಕ್ಕಿಲ್ಲ. ಸಂದೇಶದಲ್ಲಿ ಈ ಮೌನಕ್ಕೆ ಆಕಾರವಿಲ್ಲ. ಅಲ್ಲಿ ಮೌನವೆಂದರೆ ಎರಡು ನೀಲಿ ಗೆರೆ. ಓದಿದ್ದಾನೆ, ಉತ್ತರಿಸಿಲ್ಲ ಎಂದಷ್ಟೇ ಅದರ ಅರ್ಥ. ವಾಟ್ಸಾಪ್ 2014ರ ನವೆಂಬರಿನಲ್ಲಿ ಈ ನೀಲಿ ಗೆರೆಗಳನ್ನು ತಂದಾಗಿನಿಂದ ಎಷ್ಟು ಗೆಳೆತನಗಳು ಅವುಗಳ ಲೆಕ್ಕದಲ್ಲಿ ಮುನಿಸಿಕೊಂಡವೋ.

‘ಮತ್ತೆ’ಯ ಜೊತೆಗಾರ ‘ಹೂಂ’. ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳಿಗೆ ಹಾಕುತ್ತಿದ್ದ ಷರತ್ತು ಒಂದೇ: ಹೂಂಗುಟ್ಟಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತದೆ, ಯಾಕೆಂದರೆ ಮಗು ಮಲಗಿತು ಎಂದರ್ಥ. ಫೋನಿನಲ್ಲಿ ಈ ಹೂಂ ನೂರು ಬಗೆ. ಚಿಕ್ಕ ಹೂಂ, ಹೇಳು ಎನ್ನುತ್ತದೆ. ಎಳೆದ ಹೂಂ ನಂಬುವುದಿಲ್ಲ. ಮೂಗಿನ ಹೂಂ ಕೋಪ. ಏರುವ ಹೂಂ ಅಚ್ಚರಿ. ಜಗತ್ತಿನ ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆದ 2009ರ ಒಂದು ಅಧ್ಯಯನದ ಪ್ರಕಾರ, ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತು ಶುರುವಾಗುವ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು, ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ಉತ್ತರ ಯೋಚಿಸಲು ಸಾಧ್ಯವೇ ಇಲ್ಲ. ಎದುರಿನವರ ವಾಕ್ಯ ಮುಗಿಯುವ ಮೊದಲೇ ಮನಸ್ಸು ಅದರ ಕೊನೆಯನ್ನು ಊಹಿಸಿರುತ್ತದೆ. ಇಬ್ಬರು ಮಾತಾಡುವುದೆಂದರೆ ಇಬ್ಬರೂ ಒಂದೇ ತಾಳ ಹಿಡಿದಿರುವುದು. ಟೈಪಿಸಿದ ‘ಹೂಂ’ ಒಂದೇ ಬಗೆ. ಅದನ್ನು ಒಣ ಉತ್ತರವೆಂದು ಬಗೆದು ಗೆಳತಿ ಬೇಸರಿಸಿಕೊಳ್ಳುತ್ತಾಳೆ. ಬರೆದವಳು ಒಂದು ಕೈಯಲ್ಲಿ ದೋಸೆ ಹುಯ್ಯುತ್ತಿದ್ದಳು.

ಬರಹದಲ್ಲಿ ದನಿ ಸೇರಿಹೋಗಿದೆ ಎಂದು ಬರೆದವರು ನಂಬುವುದೇ ತಪ್ಪಿನ ಮೂಲ. ಜಸ್ಟಿನ್ ಕ್ರೂಗರ್ ಮತ್ತು ನಿಕೊಲಾಸ್ ಎಪ್ಲಿ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ಕಳಿಸಿದರು. ಇಮೇಲಿನಲ್ಲಾಗಲಿ ದನಿಯಲ್ಲಾಗಲಿ, ನೂರಕ್ಕೆ 78ರಷ್ಟು ಸಲ ತಮ್ಮ ಭಾವ ತಲುಪುತ್ತದೆಂದು ಅವರು ಎಣಿಸಿದರು. ದನಿಯಲ್ಲಿ ಸುಮಾರು 73ರಷ್ಟು ತಲುಪಿತು. ಇಮೇಲಿನಲ್ಲಿ 56, ನಾಣ್ಯ ಚಿಮ್ಮಿ ಊಹಿಸಿದ್ದರೂ 50 ಬರುತ್ತಿತ್ತು. ಚುಕ್ಕಿಯೊಂದಕ್ಕೂ ಹೊಸ ಅರ್ಥ ಹುಟ್ಟಿದೆ. ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ 126 ವಿದ್ಯಾರ್ಥಿಗಳಿಗೆ ಸಂದೇಶಗಳನ್ನು ತೋರಿಸಿದಾಗ, ಒಂದೇ ಪದದ ಉತ್ತರದ ಕೊನೆಗೆ ಪೂರ್ಣವಿರಾಮ ಇದ್ದರೆ ಅದನ್ನು ಅವರು ಕಡಿಮೆ ಪ್ರಾಮಾಣಿಕವೆಂದು ಭಾವಿಸಿದರು. ಅದೇ ಉತ್ತರ ಕೈಬರಹದ ಚೀಟಿಯಲ್ಲಿದ್ದಾಗ ಹಾಗನಿಸಲಿಲ್ಲ. ಈ ಕೊರತೆ ತುಂಬಲು ಮುಖಚಿಹ್ನೆಗಳು ಬಂದವು. 1999ರಲ್ಲಿ ಜಪಾನಿನ ಎನ್‌ಟಿಟಿ ಡೊಕೊಮೊ ಕಂಪನಿಗಾಗಿ ಶಿಗೆತಾಕಾ ಕುರಿತಾ ಬಿಡಿಸಿದ 176 ಪುಟಾಣಿ ಚಿತ್ರಗಳಿಂದ ಆ ದಾರಿ ದೊಡ್ಡದಾಯಿತು. ಅವು ಎಷ್ಟೋ ಜಗಳ ತಪ್ಪಿಸಿವೆ. ಆದರೆ ಅಳು ಮುಖ ಒತ್ತಿದವರು ಅಳುತ್ತಿದ್ದಾರೆಂದು ಯಾರೂ ಗಾಬರಿಯಾಗುವುದಿಲ್ಲ.

ದನಿಯ ಶಕ್ತಿ ಎಂಥದೆಂದರೆ, ಹಳೆಯ ದೂರವಾಣಿ ತಂತಿ ಅದರಲ್ಲಿ ಒಂದು ಪಾಲನ್ನಷ್ಟೇ ಸಾಗಿಸುತ್ತಿತ್ತು: 300ರಿಂದ 3400 ಹರ್ಟ್ಜ್‌ವರೆಗೆ. ಗಂಡಸಿನ ದನಿಯ ಮೂಲ ಸ್ವರ ಇದಕ್ಕಿಂತ ಕೆಳಗೇ ಉಳಿದುಹೋಗುತ್ತದೆ. ಕೇಳುವವರ ಮಿದುಳು ಅದನ್ನು ತಾನೇ ಕಟ್ಟಿಕೊಳ್ಳುತ್ತದೆ. ಇಷ್ಟು ಸೊರಗಿದ ದನಿ ಕೇಳಿಯೂ ಗೆಳತಿ ‘ಯಾಕೆ, ಗಂಟಲು ಕಟ್ಟಿದೆ? ಅತ್ತಿದ್ಯಾ?’ ಎಂದು ಕೇಳುತ್ತಿದ್ದಳು. ಯೇಲ್ ವಿಶ್ವವಿದ್ಯಾಲಯದ ಮೈಕೆಲ್ ಕ್ರಾಸ್ 2017ರಲ್ಲಿ ಪ್ರಕಟಿಸಿದ ಐದು ಪ್ರಯೋಗಗಳಲ್ಲಿ ಇನ್ನೂ ಅಚ್ಚರಿಯ ಫಲ ಸಿಕ್ಕಿತು. ಎದುರಿನವರ ಭಾವನೆಯನ್ನು ಸರಿಯಾಗಿ ಊಹಿಸುವುದರಲ್ಲಿ, ಮುಖವನ್ನೂ ನೋಡಿ ದನಿಯನ್ನೂ ಕೇಳಿದವರಿಗಿಂತ ಬರೀ ದನಿ ಕೇಳಿದವರು ಮುಂದಿದ್ದರು. ಮುಖವನ್ನು ಸಂಭಾಳಿಸಿಕೊಳ್ಳಲು ಎಲ್ಲರೂ ಕಲಿತಿರುತ್ತಾರೆ. ದನಿ ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ.

ದನಿ ದೇಹಕ್ಕೂ ಮುಟ್ಟುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೆಸ್ಲಿ ಸೆಲ್ಟ್ಜರ್ ಮತ್ತು ಸಂಗಡಿಗರು ಏಳೂವರೆಯಿಂದ ಹನ್ನೆರಡು ವಯಸ್ಸಿನ ಹೆಣ್ಣುಮಕ್ಕಳನ್ನು ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಬಾಯಿಲೆಕ್ಕ ಕೇಳಿ ಕಂಗಾಲು ಮಾಡಿದರು. ಆಮೇಲೆ ಕೆಲವರಿಗೆ ತಾಯಿಯ ಭೇಟಿ, ಕೆಲವರಿಗೆ ತಾಯಿಯ ಫೋನು, ಕೆಲವರಿಗೆ ತಾಯಿಯೊಡನೆ ಟೈಪಿಸಿದ ಸಂದೇಶ, ಉಳಿದವರಿಗೆ ಏನೂ ಇಲ್ಲ. ಫೋನಿನಲ್ಲಿ ಅಮ್ಮನ ದನಿ ಕೇಳಿದವರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿಯಿತು, ಬಾಂಧವ್ಯದೊಡನೆ ತಳಕು ಹಾಕಿಕೊಂಡ ಆಕ್ಸಿಟೋಸಿನ್ ಏರಿತು. ಎದುರು ಕೂತು ಮಾತಾಡಿದವರಂತೆಯೇ. ಸಂದೇಶ ಪಡೆದವರ ಸ್ಥಿತಿ ಅಮ್ಮನ ಸಂಪರ್ಕವೇ ಸಿಗದವರ ಸ್ಥಿತಿಯಷ್ಟೇ ಇತ್ತು. 2012ರಲ್ಲಿ ಪ್ರಕಟವಾದ ಈ ಅಧ್ಯಯನ ತಾಯಿ-ಮಗಳದ್ದು, ಗೆಳೆಯರದ್ದಲ್ಲ. ಮಕ್ಕಳ ಸಂಖ್ಯೆಯೂ ದೊಡ್ಡದಲ್ಲ. ಆದರೂ ಪರೀಕ್ಷೆಯಲ್ಲಿ ಫೇಲಾದ ರಾತ್ರಿ, ಕೆಲಸ ಹೋದ ಸಂಜೆ ‘ಧೈರ್ಯವಾಗಿರು’ ಎಂಬ ಸಂದೇಶಗಳನ್ನು ಮೂವತ್ತು ಜನರಿಂದ ಪಡೆದೂ ಒಂಟಿಯಾಗಿ ಕೂತವರಿಗೆ ಈ ಫಲ ಹೊಸದೆನಿಸಲಾರದು.

ಇಷ್ಟೆಲ್ಲ ಹೇಳಿ ಸಂದೇಶವನ್ನು ದೂರುವುದು ಸರಿಯಲ್ಲ. ಕಿವಿ ಕೇಳದವರ ಪಾಲಿಗೆ ಬಹುಕಾಲ ಫೋನು ಎಂಬುದು ಹೆಚ್ಚುಕಡಿಮೆ ಮುಚ್ಚಿದ ಬಾಗಿಲಾಗಿತ್ತು. ಅದನ್ನು ಅಗಲವಾಗಿ ತೆರೆದದ್ದು ಎಸ್‌ಎಂಎಸ್. ಮಾತು ತೊದಲುವವರು ಸಂದೇಶದಲ್ಲಿ ತಮ್ಮ ಹಾಸ್ಯವನ್ನು ತಮ್ಮ ವೇಗದಲ್ಲಿ ಹೇಳಬಲ್ಲರು. ಮನೆಯಲ್ಲಿ ಎಲ್ಲರ ಕಿವಿ ತನ್ನ ಮೇಲಿದೆ ಎಂದು ಗೊತ್ತಿರುವ ಹುಡುಗಿ ಗೆಳತಿಗೆ ಕಷ್ಟ ತೋಡಿಕೊಳ್ಳುವುದು ಟೈಪಿಸಿಯೇ. ರಾತ್ರಿ ಪಾಳಿಯ ನರ್ಸ್, ದುಬೈನ ಕಟ್ಟಡ ಕೆಲಸದ ಬಿಡುವಿನಲ್ಲಿರುವ ಕರಾವಳಿಯ ಯುವಕ, ಇವರ ಗೆಳೆತನ ಉಳಿದಿರುವುದು ಸಂದೇಶ ಕಾಯಬಲ್ಲದು ಎಂಬ ಕಾರಣಕ್ಕೆ. ಮಾತಿಗೆ ಬಾರದ ಕ್ಷಮೆಯನ್ನು ಎಷ್ಟೋ ಜನ ಬರೆದು ಕೇಳಿದ್ದಾರೆ. ಸತ್ತ ಗೆಳೆಯನ ಹಳೆಯ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡವರಿದ್ದಾರೆ. ಒಳ್ಳೆಯ ಕಾಗದಗಳನ್ನು ಟ್ರಂಕಿನಲ್ಲಿಡುತ್ತಿದ್ದ ಕಾಲದ ಹಾಗೆ.

ಎರಡರ ನಡುವೆ ಸೇತುವೆಯಂತೆ ಬಂದದ್ದು ಧ್ವನಿಸಂದೇಶ. ವಾಟ್ಸಾಪ್ ಅದನ್ನು 2013ರಲ್ಲಿ ತಂದಿತು. ದಿನಕ್ಕೆ 700 ಕೋಟಿ ಧ್ವನಿಸಂದೇಶಗಳು ಹೋಗುತ್ತವೆಂದು 2022ರಲ್ಲಿ ಹೇಳಿತು. ಟೈಪಿಸಲು ಬಾರದ ಹಿರಿಯರಿಗೆ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಿಂಡಲು ಮನಸ್ಸಿಲ್ಲದವರಿಗೆ ಇದು ದೊಡ್ಡ ವರ. ಊರ ಕನ್ನಡ ಇಲ್ಲಿ ಮತ್ತೆ ಕೇಳಿಸುತ್ತದೆ. ಆದರೆ ಇಲ್ಲೂ ಹೂಂ ಇಲ್ಲ. ಒಬ್ಬರು ನಾಲ್ಕು ನಿಮಿಷ ಹೇಳುತ್ತಾರೆ, ಇನ್ನೊಬ್ಬರು ಸಂಜೆ ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರೆ.

2020ರ ಮಾರ್ಚಿನಲ್ಲಿ ಕೋವಿಡ್‌ಗೆ ಹೆದರಿ ಜಗತ್ತು ಬಾಗಿಲು ಹಾಕಿಕೊಂಡಾಗ ಜನ ಮತ್ತೆ ಕರೆ ಮಾಡಿದರು. ಅಮೆರಿಕದ ವೆರೈಜನ್ ಕಂಪನಿ ವಾರದ ದಿನಗಳಲ್ಲಿ ದಿನಕ್ಕೆ ಸರಾಸರಿ 80 ಕೋಟಿ ಕರೆಗಳನ್ನು ಸಾಗಿಸುತ್ತಿರುವುದಾಗಿ ಹೇಳಿತು. ಅಲ್ಲಿ ವರ್ಷದಲ್ಲೇ ಅತಿ ಹೆಚ್ಚು ಕರೆಗಳ ದಿನಗಳಲ್ಲೊಂದಾದ ತಾಯಂದಿರ ದಿನದ ಎರಡು ಪಟ್ಟಿಗೂ ಹೆಚ್ಚು ಅದು. ಕರೆಗಳ ಅವಧಿ ಮೂರನೇ ಒಂದರಷ್ಟು ಉದ್ದವಾಗಿತ್ತು. ಸಾವು ಹತ್ತಿರ ಸುಳಿದಾಗ ಜನರಿಗೆ ದನಿ ಬೇಕಾಯಿತು. ಅಂಥ ಕಾಲ ಕಳೆದ ಮೇಲೆ ದನಿ ಬೇಡವಾಗುವುದೇಕೆ ಎಂಬುದಕ್ಕೆ ಟೆಕ್ಸಾಸ್ ವಿಶ್ವವಿದ್ಯಾಲಯದ ಅಮಿತ್ ಕುಮಾರ್ ಮತ್ತು ಮೇಲೆ ಹೇಳಿದ ಎಪ್ಲಿ ಒಟ್ಟಿಗೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರದ ಒಂದು ತುಂಡಿದೆ. ಬಹುಕಾಲದಿಂದ ಸಂಪರ್ಕ ತಪ್ಪಿದ ಹಳೆಯ ಗೆಳೆಯರನ್ನು ಮತ್ತೆ ಮಾತಾಡಿಸಬೇಕು, ಫೋನೋ ಇಮೇಲೋ? ಫೋನಿನಿಂದ ಹೆಚ್ಚು ಹತ್ತಿರವಾಗಬಹುದು ಎಂದು ಜನ ಒಪ್ಪಿದರು, ಆದರೆ ಮುಜುಗರವಾಗುತ್ತದೆಂದು ಹೆಚ್ಚಿನವರು ಇಮೇಲ್ ಬಯಸಿದರು. ಸಂಶೋಧಕರು ಚೀಟಿ ಎತ್ತಿದಂತೆ ಕೆಲವರಿಗೆ ಫೋನನ್ನೇ ಹಂಚಿದರು. ಫೋನು ಮಾಡಿದವರ ಬಾಂಧವ್ಯ ಗಟ್ಟಿಯಾಯಿತು. ಮುಜುಗರ ಇಮೇಲ್ ಮಾಡಿದವರಿಗಿಂತ ಹೆಚ್ಚೇನೂ ಆಗಲಿಲ್ಲ. ಹಿಡಿದ ಹೊತ್ತೂ ಸುಮಾರು ಅಷ್ಟೇ.

ಸಮುದ್ರದಾಚೆ ಇರುವ ಕನ್ನಡಿಗ ಗೆಳೆಯರಲ್ಲಿ ಕೆಲವರು ಇದಕ್ಕೊಂದು ದಾರಿ ಹುಡುಕಿಕೊಂಡಿದ್ದಾರೆ: ವಾರಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳುವುದು. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆ ಎಂದರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಶನಿವಾರ ರಾತ್ರಿ ಎಂಟು. ಒಬ್ಬರಿಗೆ ತಿಂಡಿಯ ಹೊತ್ತು, ಇನ್ನೊಬ್ಬರಿಗೆ ಪಾತ್ರೆ ತೊಳೆಯುವ ಹೊತ್ತು. ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟು ಕೆಲಸ ಮಾಡುತ್ತಲೇ ಮಾತು. ವಿಷಯ ಖಾಲಿಯಾದರೂ ಯಾರೂ ಇಡುವುದಿಲ್ಲ. ಆ ಕಡೆ ನಲ್ಲಿಯ ಸದ್ದು, ಈ ಕಡೆ ಬೀದಿಯಲ್ಲಿ ಸೊಪ್ಪಿನವನ ಕೂಗು. ಕುಕ್ಕರ್ ಒಮ್ಮೆ ಕೂಗುತ್ತದೆ.

‘ಎಷ್ಟನೇ ಸೀಟಿ ಅದು?’

‘ಎರಡ್ನೇದು. ಯಾಕೆ?’

‘ಏನಿಲ್ಲ. ನಿಮ್ಮಮ್ಮ ಮೂರಕ್ಕೆ ಆಫ್ ಮಾಡ್ತಿದ್ರು. ಹೇಗಿದಾರೆ ಅವ್ರು?’